ಹೈಬ್ರಿಡ್ ತೆಂಗಿನ ಕಾಯಿಯನ್ನು ಬೀಜಕ್ಕೆ ಇಡಬಹುದೇ?

ಪ್ರಶ್ನೆ: ನಮ್ಮ ತೋಟದ ಹೈಬ್ರಿಡ್ ತೆಂಗುಗಳು ಬಹಳ ಚೆನ್ನಾಗಿ ಫಲ ಕೊಡುತ್ತಿವೆ. ಅವುಗಳದೇ ಕಾಯಿಯಿಂದ ನಲುವತ್ತು ಸಸಿ ಎಬ್ಬಿಸಿದ್ದೇನೆ. ಕೆಲವು ಸಸಿಗಳ ಎಲೆದಂಟು ಕಿತ್ತಳೆ ಬಣ್ಣ, ಉಳಿದವು ಕಂದು ಅಥವಾ ಹಸಿರು. ಬೀಜ ಕೆಟ್ಟಿತೇ? (ಬದಿಯಡ್ಕದ ಕೃಷಿಕರೊಬ್ಬರು)

ಉತ್ತರ: ಪ್ರತಿ ವರ್ಷ ಮಳೆಗಾಲ ಹತ್ತಿರವಾದಂತೆ ಈ ಪ್ರಶ್ನೆ ಬಂದೇ ಬರುತ್ತದೆ, ಅದೂ ಸಸಿ ಎಬ್ಬಿಸಿ ಆದ ಮೇಲೆ. ಮೊದಲೇ ಕೇಳಿದ್ದರೆ ಒಂದೇ ಮಾತಿನಲ್ಲಿ ಬೇಡ ಎನ್ನುತ್ತಿದ್ದೆ. ಬೀಜ ಕೆಟ್ಟಿಲ್ಲ; ಅದು ತನ್ನ ಸ್ವಭಾವದಂತೆಯೇ ನಡೆದುಕೊಂಡಿದೆ.

ಎತ್ತರದ ಮತ್ತು ಗಿಡ್ಡ ತಳಿಗಳನ್ನು ಕೂಡಿಸಿದ ಮೊದಲ ಸಂಕರ ತೆಂಗು ನಮ್ಮ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿಯೇ 1932ರಲ್ಲಿ ಹುಟ್ಟಿತು. ನೀವು ವಿವರಿಸಿದ ಬಣ್ಣಗಳನ್ನು ನೋಡಿದರೆ ನಿಮ್ಮ ಮರಗಳ ತಾಯಿ ಬಹುಶಃ ಗೆಂದಾಳಿ (ಕಿತ್ತಳೆ) ಬಣ್ಣದ ಗಿಡ್ಡ ತಳಿ, ತಂದೆ ಊರಿನ ಎತ್ತರದ ತಳಿ. ತೆಂಗಿನ ಪ್ರತಿ ಜೀವಕೋಶದಲ್ಲಿ ವಂಶದ ಗುಣಗಳನ್ನು ಹೊತ್ತ 16 ಜೋಡಿ ವರ್ಣತಂತುಗಳಿದ್ದು, ನಿಮ್ಮ ಮರದ ಪ್ರತಿ ಜೋಡಿಯಲ್ಲೂ ಒಂದು ತಾಯಿಯದು, ಒಂದು ತಂದೆಯದು. ಬೇಗ ಫಲಕ್ಕೆ ಬರುವುದು, ಹೆಚ್ಚು ಕಾಯಿ ಹಿಡಿಯುವುದು ಮುಂತಾಗಿ ನೀವು ಮೆಚ್ಚಿದ ಗುಣಗಳು ಆ ಜೋಡಣೆಯಿಂದ ಬಂದವು. ಆದರೆ ಮರ ತಾನೇ ಪರಾಗ ಮತ್ತು ಅಂಡವನ್ನು ರೂಪಿಸುವಾಗ ಪ್ರತಿ ಜೋಡಿಯೂ ಬೇರ್ಪಟ್ಟು, ಒಂದೊಂದರಿಂದ ಒಂದು ಮಾತ್ರ, ಯಾವುದೆಂಬ ನಿಯಮವಿಲ್ಲದೆ, ಮುಂದಕ್ಕೆ ಹೋಗುತ್ತದೆ. ಹೀಗೆ ಆಯಲು ಸಾಧ್ಯವಿರುವ ಬಗೆಗಳೇ 65,536. ವರ್ಣತಂತುಗಳು ತಮ್ಮೊಳಗೆ ತುಂಡುಗಳನ್ನು ಬದಲಾಯಿಸಿಕೊಳ್ಳುವುದನ್ನು ಇದರಲ್ಲಿ ಲೆಕ್ಕ ಹಿಡಿದಿಲ್ಲ. ಒಂದೇ ಗೊನೆಯ ಎರಡು ಕಾಯಿಗಳು ಒಂದೇ ಸಸಿ ಕೊಡಬೇಕೆಂದು ನಿರೀಕ್ಷಿಸುವುದು ಹೇಗೆ?

ಈಗ ಆ ಕಿತ್ತಳೆ ದಂಟಿನ ವಿಚಾರ. ಸಂಕರ ಸಸಿಯಲ್ಲಿ ಗೆಂದಾಳಿಯ ಬಣ್ಣ ಅಳಿದಿರುವುದಿಲ್ಲ, ಅಡಗಿರುತ್ತದೆ. ಅಕ್ಕಪಕ್ಕದ ಎರಡು ಹೈಬ್ರಿಡ್ ಮರಗಳ ನಡುವೆ ಪರಾಗಸ್ಪರ್ಶವಾದಾಗ ಆ ಅಡಗಿದ ಅಂಶ ಎರಡೂ ಕಡೆಯಿಂದ ಬಂದು ಸೇರಿದರೆ ಅಜ್ಜಿಯ ಬಣ್ಣ ಮೊಮ್ಮಗುವಿನಲ್ಲಿ ಹೊರಬೀಳುತ್ತದೆ. ಮೆಂಡಲ್ 1866ರಲ್ಲಿ ಪ್ರಕಟಿಸಿದ ಬಟಾಣಿಯ ಲೆಕ್ಕದಲ್ಲಿ 5,474 ಗುಂಡನೆಯ ಕಾಳುಗಳ ಜೊತೆ 1,850 ಸುಕ್ಕಿದ ಕಾಳುಗಳು ಮರಳಿ ಬಂದದ್ದೂ ಇದೇ ಕಾರಣಕ್ಕೆ. ದಂಟಿನ ಬಣ್ಣ ಕಣ್ಣಿಗೆ ಬೀಳುತ್ತದೆ. ಇಳುವರಿಯ ಅಂಶಗಳು ಹಾಗೆಯೇ ಚದುರಿರುವುದು ಕಾಣುವುದಿಲ್ಲ. ತಂದೆತಾಯಿಗಳಲ್ಲಿ ಭಿನ್ನವಾಗಿದ್ದ ಅಂಶಗಳ ಪೈಕಿ ಸರಾಸರಿ ಅರ್ಧದಷ್ಟು ಈ ಪೀಳಿಗೆಯಲ್ಲಿ ಆ ಬೆರಕೆಯ ಜೋಡಣೆ ಕಳೆದುಕೊಂಡು, ಜೋಡಿಯ ಎರಡೂ ಕಡೆ ಒಂದೇ ಬಗೆಯವಾಗುತ್ತವೆ. ಕೆಲವು ಸಸಿಗಳು ಒಳ್ಳೆಯ ಮರಗಳಾಗಬಹುದು, ಆದರೆ ಯಾವುವೆಂದು ತಿಳಿಯುವಾಗ ನಿಮ್ಮ ಐದಾರು ವರ್ಷ, ಗೊಬ್ಬರ, ನೀರು ಎಲ್ಲವೂ ಹೋಗಿರುತ್ತದೆ. ಅಡಕೆಯೋ ಬಾಳೆಯೋ ಇಡಬಹುದಾಗಿದ್ದ ಜಾಗದಲ್ಲಿ ಇಂತಹ ಪಂಥಕ್ಕೆ ಇಳಿಯಬೇಡಿ ಎಂದೇ ನನ್ನ ಸಲಹೆ.

ಹೈಬ್ರಿಡ್ ಬೇಕಿದ್ದರೆ ಪ್ರತಿ ಸಲವೂ ಹೊಸದಾಗಿ ಮಾಡಿದ್ದನ್ನೇ ತರಬೇಕು. ಗೆಂದಾಳಿ ಗಿಡ್ಡ ಮರವನ್ನೇರಿ, ಹಿಂಗಾರದ ಗಂಡು ಹೂಗಳನ್ನು ಅರಳುವ ಮೊದಲೇ ಕತ್ತರಿಸಿ ತೆಗೆದು, ಬುಡದ ಗುಂಡು ಹೆಣ್ಣು ಹೂಗಳಿಗೆ ಎತ್ತರದ ಮರದ ಪರಾಗವನ್ನು ದಿನ ತಪ್ಪದೆ ಹಾಕುವ ಕೆಲಸ ಅದು. ಅಷ್ಟು ಎಚ್ಚರಿಕೆಯಲ್ಲೂ ಕೆಲವು ಹೂಗಳು ತಮ್ಮ ತಳಿಯ ಪರಾಗವನ್ನೇ ಪಡೆಯುತ್ತವೆ. ಆದುದರಿಂದ ನರ್ಸರಿಯ ಸಾಲಿನಲ್ಲಿ ಬಗ್ಗಿ ದಂಟನ್ನೇ ನೋಡಿ: ಕಂದು ಛಾಯೆ ಇದ್ದರೆ ಸಂಕರ, ಅಪ್ಪಟ ಕಿತ್ತಳೆಯಾದರೆ ಬರಿಯ ಗೆಂದಾಳಿ. ಎರಡಕ್ಕೂ ಒಂದೇ ಬೆಲೆ ಹೇಳುವವನಲ್ಲಿ ಕೊಳ್ಳಬೇಡಿ.

ಸ್ವಂತ ಬೀಜವೇ ಆಗಬೇಕೆಂದಿದ್ದರೆ ಊರಿನ ಎತ್ತರದ ಮರಗಳನ್ನು ಆರಿಸಿ, ಒಂದೇ ಮರದಿಂದಲ್ಲ, ಹಲವು ಮರಗಳಿಂದ. ಅವುಗಳ ಹಿಂಗಾರದಲ್ಲಿ ಗಂಡು ಹೂಗಳು ಉದುರಿ ಮುಗಿದ ಮೇಲೆ ಹೆಣ್ಣು ಹೂಗಳು ಪರಾಗಕ್ಕೆ ಸಿದ್ಧವಾಗುವುದರಿಂದ ತಂದೆ ಸಾಮಾನ್ಯವಾಗಿ ಬೇರೆ ಮರವೇ. ಸುತ್ತಲಿನ ಮರಗಳೂ ಒಳ್ಳೆಯವಾಗಿದ್ದರೆ ಮಾತ್ರ ತಾಯಿಮರದ ಆಯ್ಕೆಗೆ ಅರ್ಥ. ಇದನ್ನು ಎಷ್ಟು ಹೇಳಿದರೂ ಜನ ಗೊನೆಯನ್ನು ನೋಡುತ್ತಾರೆ, ನೆರೆಯನ್ನು ನೋಡುವುದಿಲ್ಲ.

ಪ್ರಶ್ನೆ: ಹೈಬ್ರಿಡ್ ಎಂದರೆ ಕುಲಾಂತರಿಯಲ್ಲವೇ? ಬೊಂಡ ಕುಡಿಯಬಹುದೇ?

ಉತ್ತರ: ಅಲ್ಲ. ಪರಾಗ ಹಾಕಿದ್ದಷ್ಟೇ. ಧಾರಾಳವಾಗಿ ಕುಡಿಯಿರಿ.

ಪ್ರಶ್ನೆ: ಗಂಡು ಕಾಯಿಯನ್ನು ನೆಟ್ಟರೆ ಫಲ ಬರುವುದಿಲ್ಲವೆಂದು ಒಬ್ಬರು ಆರಿಸಿ ಕೊಡುತ್ತಾರೆ, ಕಾಯಿಗೆ ಇಷ್ಟು ಎಂದು ಹಣ ಪಡೆಯುತ್ತಾರೆ.

ಉತ್ತರ: ಗಂಡು ಹೂ, ಹೆಣ್ಣು ಹೂ ಎರಡೂ ಒಂದೇ ಹಿಂಗಾರದಲ್ಲಿರುವ ಮರಕ್ಕೆ ಗಂಡು ಕಾಯಿ ಎಲ್ಲಿಂದ ಬರಬೇಕು? ಅದು ಶುದ್ಧ ಮೋಸ. ಕೊಟ್ಟ ಹಣವನ್ನು ಹಿಂದಕ್ಕೆ ಕೇಳಿ.

ಪ್ರಶ್ನೆ: ತೆಂಗಿನ ಮೂಲ ಯಾವುದು? (ಮಂಜೇಶ್ವರದ ವಿದ್ಯಾರ್ಥಿನಿ)

ಉತ್ತರ: ಇಂತಹ ಪ್ರಶ್ನೆಗಳು ಇನ್ನಷ್ಟು ಬರಲಿ, ಮಗೂ. ಜಗತ್ತಿನ 1,300ಕ್ಕೂ ಹೆಚ್ಚು ತೆಂಗುಗಳ ಡಿಎನ್‌ಎ ಪರಿಶೀಲಿಸಿ 2011ರಲ್ಲಿ ಪ್ರಕಟವಾದ ಅಧ್ಯಯನವು ಎರಡು ದೊಡ್ಡ ವಂಶಗಳನ್ನು ಗುರುತಿಸಿತು: ಒಂದು ಪೆಸಿಫಿಕ್ ಕಡೆಯದು, ಇನ್ನೊಂದು ಹಿಂದೂ ಮಹಾಸಾಗರ ಮತ್ತು ಅಟ್ಲಾಂಟಿಕ್ ಕಡೆಯದು. ಮನುಷ್ಯರು ತೆಂಗನ್ನು ಎರಡು ಕಡೆ ಬೇರೆ ಬೇರೆಯಾಗಿ ಸಾಕಿಕೊಂಡರೆಂದು ಇದರಿಂದ ತಿಳಿದುಬಂತು. ನಿಮ್ಮ ಮನೆಯಂಗಳದ ಎತ್ತರದ ಮರ ಈ ಎರಡನೆಯ ವಂಶದ್ದು.