ಡಾಕ್ಟರ ಹೆಸರಿನ ಜೊತೆ ಬರುವ ಎಚ್-ಇಂಡೆಕ್ಸ್: ಅದನ್ನು ಓದುವುದು ಹೇಗೆ?

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. ಇಲ್ಲೇ ಮೂಳೆಮಜ್ಜೆ ಪರೀಕ್ಷೆ ಮಾಡಿಸಿದಾಗ ಮಲ್ಟಿಪಲ್ ಮೈಲೋಮಾ (ಮೂಳೆಮಜ್ಜೆಯಲ್ಲಿ ಹುಟ್ಟುವ ಒಂದು ಬಗೆಯ ಬ್ಲಡ್ ಕ್ಯಾನ್ಸರ್) ಅಂತ ಗೊತ್ತಾಯಿತು. ಬಂಧುಗಳು ಬೆಂಗಳೂರಿನ ಇಬ್ಬರು ರಕ್ತರೋಗ ತಜ್ಞರ ಹೆಸರು ಹೇಳಿದ್ದಾರೆ. ಒಬ್ಬರ ಪರಿಚಯದಲ್ಲಿ 180 ಪ್ರಬಂಧ, 9,400 ಸೈಟೇಷನ್, ಎಚ್-ಇಂಡೆಕ್ಸ್ 34 ಅಂತಿದೆ. ಇನ್ನೊಬ್ಬರದು 22 ಪ್ರಬಂಧ, ಎಚ್-ಇಂಡೆಕ್ಸ್ 9. ಮೊದಲನೆಯವರ ಹತ್ತಿರ ಹೋಗುವುದೇ ಸರಿಯಲ್ಲವೇ? ಈ ಲೆಕ್ಕ ನಿಜವೋ ಸುಳ್ಳೋ ನಾವೇ ನೋಡಿಕೊಳ್ಳಬಹುದೇ?
– ವಿನೋಬನಗರ, ದಾವಣಗೆರೆ

ಉತ್ತರ: 34 ಮತ್ತು 9 ಎಂಬ ಎರಡು ಅಂಕಿ ಹಿಡಿದು ತೀರ್ಮಾನ ಮಾಡಬೇಡಿ. ಹಾಗಂತ ಆ ಪಟ್ಟಿಯನ್ನು ಪಕ್ಕಕ್ಕೆ ಎಸೆಯುವುದೂ ಬೇಡ. ಅರ್ಧ ಗಂಟೆ ಕೂತು ಬಿಡಿಸಿ ನೋಡಿದರೆ, ಆ ವೈದ್ಯರು ನಿಮ್ಮ ತಂದೆಯ ಕಾಯಿಲೆಯಲ್ಲೇ ಕೆಲಸ ಮಾಡಿದವರೋ, ಬೇರೆಯದರಲ್ಲೋ ಎಂಬುದಾದರೂ ತಿಳಿಯುತ್ತದೆ.

ಮೊದಲು ಲೆಕ್ಕ. ಸೈಟೇಷನ್ ಎಂದರೆ ಒಬ್ಬರ ಪ್ರಬಂಧವನ್ನು ಇನ್ನೊಬ್ಬರು ತಮ್ಮ ಪ್ರಬಂಧದ ಕೊನೆಯ ಪಟ್ಟಿಯಲ್ಲಿ ಉಲ್ಲೇಖಿಸುವುದು. ಎಚ್-ಇಂಡೆಕ್ಸ್ ಅನ್ನು 2005ರಲ್ಲಿ ಸೂಚಿಸಿದವರು ಹೋರ್ಹೆ ಹಿರ್ಶ್ ಎಂಬ ಭೌತವಿಜ್ಞಾನಿ, ವೈದ್ಯರಲ್ಲ. ಇಷ್ಟು ಪ್ರಬಂಧಗಳಿಗೆ ತಲಾ ಕನಿಷ್ಠ ಅಷ್ಟೇ ಉಲ್ಲೇಖ ಸಿಕ್ಕಿವೆ ಎನ್ನಬಹುದಾದ ಅತಿ ದೊಡ್ಡ ಅಂಕಿಯೇ ಎಚ್-ಇಂಡೆಕ್ಸ್. ಒಬ್ಬರ ಏಳು ಪ್ರಬಂಧಗಳಿಗೆ ಕ್ರಮವಾಗಿ 48, 31, 17, 9, 6, 4, 2 ಉಲ್ಲೇಖ ಸಿಕ್ಕಿವೆ ಅಂದುಕೊಳ್ಳಿ. ಮೇಲಿಂದ ಎಣಿಸುತ್ತಾ ಬನ್ನಿ. ಐದನೆಯದಕ್ಕೆ 6 ಇದೆ, ಅಂದರೆ ಐದಕ್ಕೆ ಕಮ್ಮಿಯಿಲ್ಲ. ಆರನೆಯದಕ್ಕೆ ನಾಲ್ಕೇ, ಆರಕ್ಕೆ ಕಮ್ಮಿಯಾಯಿತು. ಹಾಗಾಗಿ ಎಚ್-ಇಂಡೆಕ್ಸ್ 5. ಗೂಗಲ್ ಸ್ಕಾಲರ್ (ಪ್ರಬಂಧ ಹುಡುಕುವ ಗೂಗಲ್‌ನ ಉಚಿತ ತಾಣ) ತೋರಿಸುವ ಐ10 ಇನ್ನೂ ಸುಲಭ: ಹತ್ತು ಅಥವಾ ಹೆಚ್ಚು ಉಲ್ಲೇಖ ಪಡೆದ ಪ್ರಬಂಧ ಎಷ್ಟಿವೆ ಅಷ್ಟು. ಇವರಿಗೆ 3.

ಈಗ ಇದೇ ವ್ಯಕ್ತಿಯ ಹೆಸರು, ಹತ್ತಾರು ತಜ್ಞರು ಸೇರಿ ಬರೆದ ಒಂದು ಮಾರ್ಗಸೂಚಿಯ ಮಧ್ಯದಲ್ಲೆಲ್ಲೋ ಬಂತು, ಅದಕ್ಕೆ 4,000 ಉಲ್ಲೇಖ ಸಿಕ್ಕಿತು ಅನ್ನಿ. ಒಟ್ಟು ಉಲ್ಲೇಖ 117 ಇದ್ದದ್ದು 4,117ಕ್ಕೆ ಜಿಗಿಯುತ್ತದೆ. ಎಚ್-ಇಂಡೆಕ್ಸ್ ಮಾತ್ರ 5ರಿಂದ 6. ಅದಕ್ಕೇ ಒಟ್ಟು ಸೈಟೇಷನ್ ದೊಡ್ಡದಿದ್ದು ಎಚ್-ಇಂಡೆಕ್ಸ್ ಚಿಕ್ಕದಿದ್ದರೆ, ಒಂದೆರಡು ಪ್ರಬಂಧವೇ ಇಡೀ ಭಾರ ಹೊತ್ತಿದೆ ಎಂದು ಅರ್ಥ. ಆ ಪ್ರಬಂಧ ಯಾವುದು, ಇವರ ಹೆಸರು ಎಲ್ಲಿದೆ ಎಂದು ತೆರೆದು ನೋಡಬೇಕು.

ಬ್ಲಡ್ ಕ್ಯಾನ್ಸರ್ ವಿಭಾಗದಲ್ಲಿ ಈ ಉಬ್ಬರ ಜಾಸ್ತಿ, ಅದಕ್ಕೆ ಕಾರಣವೂ ಇದೆ. ಲ್ಯುಕೇಮಿಯಾ ಮೇಲೆ ಯಾರೇ ಪ್ರಬಂಧ ಬರೆಯಲಿ, ‘ವಿಧಾನ’ ಭಾಗದಲ್ಲಿ ‘ಇಂಥ ವರ್ಗೀಕರಣದ ಪ್ರಕಾರ ಕಾಯಿಲೆ ಗುರುತಿಸಿದೆವು’ ಎಂದು ಒಂದು ಸಾಲು ಬರೆಯಲೇಬೇಕು. 2016ರಲ್ಲಿ ‘ಬ್ಲಡ್’ ಜರ್ನಲ್‌ನಲ್ಲಿ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಪರಿಷ್ಕೃತ ವರ್ಗೀಕರಣ, 2017ರ ಯುರೋಪಿಯನ್ ಲ್ಯುಕೇಮಿಯಾನೆಟ್ ಶಿಫಾರಸು ಇವೆಲ್ಲ ಹೀಗೇ ಸಾವಿರಗಟ್ಟಲೆ ಉಲ್ಲೇಖ ಪಡೆದವು. ನಿಮ್ಮ ತಂದೆಯ ಕಾಯಿಲೆಗೆ ಸಂಬಂಧಪಟ್ಟದ್ದು 2014ರಲ್ಲಿ ‘ಲ್ಯಾನ್ಸೆಟ್ ಆಂಕಾಲಜಿ’ಯಲ್ಲಿ ಬಂದ ಮೈಲೋಮಾ ನಿರ್ಣಯದ ಮಾನದಂಡ. ಅದರಲ್ಲೂ ಲೇಖಕರ ಪಟ್ಟಿ ಉದ್ದವಿದೆ. ಇವು ನಿಜಕ್ಕೂ ಉಪಯುಕ್ತ ಬರಹಗಳು, ಅಲ್ಲಿ ಹೆಸರಿರುವುದು ಗೌರವದ ವಿಷಯವೇ. ಆದರೆ ಅಂಥ ಒಂದು ಪ್ರಬಂಧದ ಉಲ್ಲೇಖಗಳನ್ನು ಮೂವತ್ತು ಜನರೂ ತಂತಮ್ಮ ಖಾತೆಗೆ ಪೂರ್ತಿ ಬರೆದುಕೊಳ್ಳುತ್ತಾರೆ, ಹಂಚಿಕೊಳ್ಳುವುದಿಲ್ಲ.

ಇದಕ್ಕೆ ತಿರುಗುಮುರುಗು ಕೂಡ ಉಂಟು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ (ಸಿಎಂಸಿ) ತಂಡ 2006ರಲ್ಲಿ ‘ಬ್ಲಡ್’ನಲ್ಲಿ ಬರೆದದ್ದು 72 ರೋಗಿಗಳ ಬಗ್ಗೆ ಮಾತ್ರ. ಹೊಸದಾಗಿ ಪತ್ತೆಯಾದ ಪ್ರೋಮೈಲೋಸೈಟಿಕ್ ಲ್ಯುಕೇಮಿಯಾ ಎಂಬ ಬ್ಲಡ್ ಕ್ಯಾನ್ಸರಿಗೆ ಆರ್ಸೆನಿಕ್ ಟ್ರೈಆಕ್ಸೈಡ್ ಒಂದನ್ನೇ ಕೊಟ್ಟು ಸುಮಾರು 86 ಶೇಕಡಾ ಜನರಲ್ಲಿ ಕಾಯಿಲೆ ಹಿಡಿತಕ್ಕೆ ಬಂದದ್ದನ್ನು ಅದು ತೋರಿಸಿತು. ಕೈಯಲ್ಲಿ ದುಡ್ಡಿಲ್ಲದ ರೋಗಿಯನ್ನು ಮುಂದಿಟ್ಟುಕೊಂಡು ನೋಡಿದರೆ, ನನ್ನ ದೃಷ್ಟಿಯಲ್ಲಿ ಇಂಥ ಒಂದು ಪ್ರಬಂಧ ಇಪ್ಪತ್ತು ಸಮೀಕ್ಷಾ ಲೇಖನಗಳಿಗೆ ಸಮ.

ಇನ್ನೊಂದು ಮೋಸಹೋಗುವ ಜಾಗ, ‘ಬ್ಲಡ್‌ನಲ್ಲಿ 60 ಪ್ರಕಟಣೆ’ ಎಂಬಂಥ ಸಾಲು. ಅಮೆರಿಕನ್ ಸೊಸೈಟಿ ಆಫ್ ಹೆಮಟಾಲಜಿಯ ವಾರ್ಷಿಕ ಸಭೆ ಡಿಸೆಂಬರ್‌ನಲ್ಲಿ ನಡೆಯುತ್ತದೆ. ಅಲ್ಲಿ ಮಂಡಿಸುವ ಸಾರಾಂಶಗಳೆಲ್ಲ ನವೆಂಬರ್‌ನಲ್ಲೇ ‘ಬ್ಲಡ್’ನ ಸಪ್ಲಿಮೆಂಟ್ ಆಗಿ ಅಚ್ಚಾಗುತ್ತವೆ. ಗೂಗಲ್ ಸ್ಕಾಲರ್ ಅವನ್ನೂ ಪ್ರಬಂಧವೆಂದೇ ಎಣಿಸುತ್ತದೆ. ಸಾರಾಂಶ ಎಂದರೆ ಒಂದೆರಡು ಪುಟ. ಪೂರ್ಣ ಪ್ರಬಂಧದಷ್ಟು ಕಟ್ಟುನಿಟ್ಟಿನ ಪರಿಶೀಲನೆ ಅದಕ್ಕೆ ಆಗಿರುವುದಿಲ್ಲ. ಸಂಪುಟ ಸಂಖ್ಯೆಯ ಪಕ್ಕ ‘ಸಪ್ಲಿಮೆಂಟ್ 1’ ಅಂತಿದ್ದರೆ ಅದು ಸಾರಾಂಶವೇ ಇರಬೇಕು ಅಂದುಕೊಂಡು ತೆರೆದು ನೋಡಿ.

ನೀವೇ ನೋಡಿಕೊಳ್ಳುವುದು ಹೀಗೆ. ಪಬ್‌ಮೆಡ್ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ (ಎನ್‌ಎಲ್‌ಎಂ) ನಡೆಸುವ ವೈದ್ಯಕೀಯ ಪ್ರಬಂಧಗಳ ಸೂಚಿ, ಉಚಿತ. ಅದರಲ್ಲಿ ‘ಅಡ್ವಾನ್ಸ್ಡ್’ ಒತ್ತಿ. ಪಟ್ಟಿಯಲ್ಲಿ ‘ಆಥರ್’ ಆರಿಸಿ ವೈದ್ಯರ ಹೆಸರು ಹಾಕಿ, ಇನ್ನೊಂದು ಸಾಲಿಗೆ ‘ಮಲ್ಟಿಪಲ್ ಮೈಲೋಮಾ’ ಎಂದು ಇಂಗ್ಲಿಷಿನಲ್ಲಿ ಹಾಕಿ. ಎಷ್ಟು ಬಂತು ಬರೆದಿಟ್ಟುಕೊಳ್ಳಿ. ಈಗ ‘ಆಥರ್’ ಬದಲು ‘ಆಥರ್–ಫಸ್ಟ್’ ಆರಿಸಿ ಹುಡುಕಿ, ಆಮೇಲೆ ‘ಆಥರ್–ಲಾಸ್ಟ್’. ವೈದ್ಯಕೀಯ ಪ್ರಬಂಧದಲ್ಲಿ ಮೊದಲ ಹೆಸರು ಸಾಮಾನ್ಯವಾಗಿ ಕೆಲಸ ಮಾಡಿ ಬರೆದವರದು, ಕೊನೆಯ ಹೆಸರು ತಂಡ ನಡೆಸಿದ ಹಿರಿಯರದು. ಈ ಎರಡು ಎಣಿಕೆ ಸೇರಿಸಿದರೆ ಬರುವುದೇ ಅವರ ಸ್ವಂತ ಕೆಲಸ. 180 ಪ್ರಬಂಧದವರಿಗೆ ಮೈಲೋಮಾದಲ್ಲಿ ಹೀಗೆ ಎರಡೇ ಸಿಗಬಹುದು, 22ರವರಿಗೆ ಒಂಬತ್ತು ಸಿಗಬಹುದು. ಅಲ್ಲಿಗೆ ನಿಮ್ಮ ತಕ್ಕಡಿಯೇ ತಿರುಗಿತು. ಎಡಬದಿಯ ಫಿಲ್ಟರ್‌ನಲ್ಲಿ ‘ಕ್ಲಿನಿಕಲ್ ಟ್ರಯಲ್’, ‘ರಿವ್ಯೂ’ ಎಂದು ಬೇರ್ಪಡಿಸಲೂ ಬರುತ್ತದೆ. ಪ್ರಬಂಧವೊಂದನ್ನು ಹಿಂದಕ್ಕೆ ಪಡೆದಿದ್ದರೆ ಪುಟದ ಮೇಲ್ಭಾಗದಲ್ಲೇ ಎದ್ದು ಕಾಣುವಂತೆ ‘ರಿಟ್ರ್ಯಾಕ್ಟೆಡ್’ ಎಂದಿರುತ್ತದೆ.

ಒಂದೇ ಹೆಸರಿನವರು ಬಹಳ ಮಂದಿ ಇದ್ದರೆ ಸಂಸ್ಥೆಯ ಹೆಸರನ್ನೂ ಸೇರಿಸಿ. ಆದರೆ 2014ಕ್ಕಿಂತ ಹಳೆಯ ದಾಖಲೆಗಳಲ್ಲಿ ಪಬ್‌ಮೆಡ್ ಸಾಮಾನ್ಯವಾಗಿ ಮೊದಲ ಲೇಖಕರ ಸಂಸ್ಥೆಯನ್ನು ಮಾತ್ರ ಇಟ್ಟುಕೊಂಡಿದೆ. ಹಳಬರ ಕೆಲಸ ಈ ಜರಡಿಯಲ್ಲಿ ಸೋರಿಹೋಗುತ್ತದೆ. ಊರಿನ ಕಾಗುಣಿತವೂ ತೊಡಕೇ. ದಾವಣಗೆರೆಯನ್ನು ಇಂಗ್ಲಿಷಿನಲ್ಲಿ ಮಧ್ಯದ ‘ಎ’ ಇಟ್ಟೂ ಬರೆಯುತ್ತಾರೆ, ಬಿಟ್ಟೂ ಬರೆಯುತ್ತಾರೆ. ಬೆಂಗಳೂರಿಗಂತೂ 2014ರ ನವೆಂಬರ್‌ಗೆ ಮುಂಚಿನದು ಒಂದು, ನಂತರದ್ದು ಇನ್ನೊಂದು. ಎರಡನ್ನೂ ಹಾಕಿ ಹುಡುಕಿ.

ಒಬ್ಬರದೇ ಎಚ್-ಇಂಡೆಕ್ಸ್ ಗೂಗಲ್ ಸ್ಕಾಲರ್‌ನಲ್ಲಿ 34, ಸ್ಕೋಪಸ್ ಎಂಬ ಇನ್ನೊಂದು ಸೂಚಿಯಲ್ಲಿ ಅದಕ್ಕಿಂತ ಕಮ್ಮಿ ಕಂಡರೆ ಯಾರೋ ಸುಳ್ಳು ಹೇಳಿದ್ದಾರೆ ಅಂದುಕೊಳ್ಳಬೇಡಿ. ಸ್ಕಾಲರ್ ಥೀಸಿಸ್, ಪುಸ್ತಕ, ಪ್ರಿಪ್ರಿಂಟ್ (ತಜ್ಞರ ಪರಿಶೀಲನೆಗೆ ಮುಂಚೆಯೇ ಹೊರಬಿಟ್ಟ ಪ್ರಬಂಧ) ಎಲ್ಲದರಿಂದಲೂ ಉಲ್ಲೇಖ ಎಣಿಸುತ್ತದೆ. ಸ್ಕೋಪಸ್, ವೆಬ್ ಆಫ್ ಸೈನ್ಸ್ ತಾವು ಆರಿಸಿದ ಜರ್ನಲ್‌ಗಳಿಂದ ಮಾತ್ರ. ಇಬ್ಬರನ್ನು ಹೋಲಿಸುವಾಗ ಒಂದೇ ಕಡೆಯ ಲೆಕ್ಕ ತೆಗೆದುಕೊಂಡರೆ ಸಾಕು. ವಯಸ್ಸನ್ನೂ ನೋಡಿ: ಎಚ್-ಇಂಡೆಕ್ಸ್ ಏರುತ್ತದೆಯೇ ಹೊರತು ಇಳಿಯುವುದಿಲ್ಲ, ನಿವೃತ್ತರಾದವರದೂ ಏರುತ್ತಲೇ ಇರುತ್ತದೆ.

ಪ್ರಬಂಧಕ್ಕಿಂತ ನಿಮಗೆ ಹತ್ತಿರದ ದಾಖಲೆ ಸಿಟಿಆರ್‌ಐ, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸುವ, ರೋಗಿಗಳ ಮೇಲೆ ಚಿಕಿತ್ಸೆ ಪರೀಕ್ಷಿಸುವ ಕ್ಲಿನಿಕಲ್ ಟ್ರಯಲ್‌ಗಳ ನೋಂದಣಿ. 2007ರಲ್ಲಿ ಶುರುವಾದದ್ದು. ಮೈಲೋಮಾ ಎಂದು ಹುಡುಕಿದರೆ ಯಾವ ಆಸ್ಪತ್ರೆಯಲ್ಲಿ ಯಾರು ಈಗ ರೋಗಿಗಳನ್ನು ಸೇರಿಸಿಕೊಳ್ಳುತ್ತಿದ್ದಾರೆ ಎಂದು ಸಿಗುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ನಿಮ್ಮ ತಂದೆಯ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಮೈಲೋಮಾದ ಮೊದಲ ಹಂತದ ಚಿಕಿತ್ಸೆಗೆ ಬೋರ್ಟೆಜೊಮಿಬ್, ಲೆನಲಿಡೊಮೈಡ್, ಡೆಕ್ಸಾಮೆಥಾಸೋನ್ ಕೂಡಿಸಿ ಕೊಡುವುದು ಎಲ್ಲ ಕಡೆ ಗೊತ್ತಿರುವ ಕ್ರಮ. ಬೋರ್ಟೆಜೊಮಿಬ್ ಚರ್ಮದಡಿ ಕೊಡುವ ಇಂಜೆಕ್ಷನ್. ಅದಕ್ಕಾಗಿ ಪ್ರತಿ ವಾರ 260 ಕಿ.ಮೀ. ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಬೇಕೇ, ಅಥವಾ ಬೆಂಗಳೂರಿನವರು ಬರೆದುಕೊಟ್ಟದ್ದನ್ನು ದಾವಣಗೆರೆಯಲ್ಲೇ ಹಾಕಿಸಬಹುದೇ ಎಂದು ಕೇಳಿ. ಸ್ವಂತ ಕಾಂಡಕೋಶ ಕಸಿಗೆ (ಅವರದೇ ಕಾಂಡಕೋಶ ತೆಗೆದಿಟ್ಟು ಮರಳಿ ಕೊಡುವುದಕ್ಕೆ) ತಂದೆ ತಡೆದಾರೇ, ಆ ಕೇಂದ್ರದಲ್ಲಿ ವರ್ಷಕ್ಕೆ ಎಷ್ಟು ಕಸಿ ಆಗುತ್ತವೆ, ರಾತ್ರಿ ಜ್ವರ ಬಂದರೆ ಫೋನ್ ಎತ್ತುವವರು ಯಾರು ಎಂದೂ ಕೇಳಿ. ಇವುಗಳ ಉತ್ತರ ಯಾವ ಇಂಡೆಕ್ಸ್‌ನಲ್ಲೂ ಸಿಗುವುದಿಲ್ಲ.

ಪ್ರಶ್ನೆ: ನಾನು ಪೆಥಾಲಜಿ ಪಿಜಿ ಮುಗಿಸುತ್ತಿದ್ದೇನೆ. ಲ್ಯುಕೇಮಿಯಾ ಮೇಲೆ ನಾಲ್ಕು ಪ್ರಕಟಣೆ ಇವೆ, ಆದರೆ ಸ್ಕೋಪಸ್‌ನಲ್ಲಿ ನಾನು ಮೂರು ಬೇರೆ ಬೇರೆ ಜನ ಆಗಿದ್ದೇನೆ. ಒಂದರಲ್ಲಿ ನಾನು ನಾಲ್ಕನೇ ಲೇಖಕ, ಇನ್ನೊಂದು ಕೇಸ್ ರಿಪೋರ್ಟ್. ಬಡ್ತಿಗೆ ಇವು ಬರುತ್ತವೆಯೇ?
– ಚಿತ್ರದುರ್ಗ

ಉತ್ತರ: ಇದು ನಮ್ಮ ಕಡೆಯ ಇನಿಶಿಯಲ್ ತಂದಿಟ್ಟ ತಾಪತ್ರಯ. ನಮಗೆ ಊರಿನದೊಂದು, ತಂದೆಯದೊಂದು ಅಕ್ಷರ, ಆಮೇಲೆ ಹೆಸರು. ಜರ್ನಲ್‌ನ ಫಾರ್ಮು ‘ಲಾಸ್ಟ್ ನೇಮ್’ ಕೇಳುತ್ತದೆ. ‘ಮಂಜುನಾಥ್ ಟಿ.ಎಂ.’ ಎಂಬ ಹೆಸರು ಒಂದು ಕಡೆ ‘ಮಂಜುನಾಥ್ ಟಿಎಂ’ ಆಗುತ್ತದೆ, ಇನ್ನೊಂದು ಕಡೆ ಟಿಎಂ ಎಂಬುದೇ ಮನೆತನದ ಹೆಸರಾಗಿ ‘ಟಿಎಂ ಎಂ’ ಆಗುತ್ತದೆ, ಮತ್ತೊಂದು ಕಡೆ ತಂದೆಯ ಪೂರ್ತಿ ಹೆಸರು ಕೊನೆಗೆ ಹೋಗಿ ಕೂರುತ್ತದೆ. ಕೊನೆಗೆ ‘ಎ’ ಇದೆಯೋ ಇಲ್ಲವೋ ಎಂಬ ಗೊಂದಲ ಬೇರೆ. ಯಂತ್ರಕ್ಕೆ ಇವರೆಲ್ಲ ಬೇರೆ ಬೇರೆ ಜನ. ಉಲ್ಲೇಖ ಮೂರು ಕಡೆ ಹಂಚಿಹೋಗಿ ಎಚ್-ಇಂಡೆಕ್ಸ್ ಕಮ್ಮಿ ಕಾಣುತ್ತದೆ.

ಇವತ್ತೇ ಒಂದು ರೂಪ ಆರಿಸಿ, ಡಿಗ್ರಿ ಸರ್ಟಿಫಿಕೇಟಿನಲ್ಲಿ ಇದ್ದ ಹಾಗೆ ಇದ್ದರೆ ಒಳ್ಳೆಯದು. ಮುಂದೆ ಅದನ್ನು ಬದಲಿಸಬೇಡಿ. ಸಂಶೋಧಕರ ಗುರುತಿಗೆಂದೇ ಇರುವ 16 ಅಂಕಿಯ ಆರ್ಕಿಡ್ ಸಂಖ್ಯೆ ಉಚಿತವಾಗಿ ಮಾಡಿಸಿಕೊಳ್ಳಿ. ಕಾಲೇಜಿನ ಮಿಂಚಂಚೆಯ ಜೊತೆ ಸ್ವಂತದ್ದನ್ನೂ ಕೊಡಿ, ಕಾಲೇಜು ಬಿಟ್ಟ ಮೇಲೆ ಬೀಗದ ಕೈ ನಿಮ್ಮ ಹತ್ತಿರ ಇರಬೇಕಲ್ಲ. ಅದರಲ್ಲಿ ‘ಬೇರೆ ಹೆಸರುಗಳು’ ಎಂಬ ಜಾಗಕ್ಕೆ ಮೂರೂ ರೂಪ ತುಂಬಿ. ಆಮೇಲೆ ಸ್ಕೋಪಸ್‌ನ ಲೇಖಕರ ತಿದ್ದುಪಡಿ ಪುಟದಲ್ಲಿ ಮೂರೂ ಪ್ರೊಫೈಲ್ ಗುರುತು ಹಾಕಿ ಒಂದಾಗಿಸಲು ಕೇಳಿ, ಹಣವಿಲ್ಲ. ಗೂಗಲ್ ಸ್ಕಾಲರ್‌ನಲ್ಲಿ ಇದರ ಉಲ್ಟಾ ಕಾಟ: ನಿಮ್ಮ ಹೆಸರಿನ ಬೇರೆಯವರ ಪ್ರಬಂಧ ತಾನಾಗಿ ನಿಮ್ಮ ಖಾತೆಗೆ ಬಂದು ಬೀಳುತ್ತದೆ. ಸೆಟ್ಟಿಂಗ್‌ನಲ್ಲಿ ‘ತಾನಾಗಿ ಸೇರಿಸು’ ತೆಗೆದು ‘ನನ್ನನ್ನು ಕೇಳಿ ಸೇರಿಸು’ ಇಡಿ. ಸಂದರ್ಶನದಲ್ಲಿ ಕೃಷಿ ವಿಜ್ಞಾನದ ಪ್ರಬಂಧ ನಿಮ್ಮ ಪಟ್ಟಿಯಲ್ಲಿ ಕಂಡರೆ ಸಮಜಾಯಿಷಿ ಕಷ್ಟ.

ಬಡ್ತಿಯ ಮಾತು. ಭಾರತೀಯ ವೈದ್ಯಕೀಯ ಮಂಡಳಿ 2020ರಲ್ಲಿ ತಿದ್ದಿದ ನಿಯಮದ ಪ್ರಕಾರ ಮೂಲ ಸಂಶೋಧನೆ, ಮೆಟಾ ಅನಾಲಿಸಿಸ್ (ಹಲವು ಅಧ್ಯಯನಗಳ ಫಲಿತಾಂಶ ಕೂಡಿಸಿ ನೋಡುವುದು), ವ್ಯವಸ್ಥಿತ ಸಮೀಕ್ಷೆ, ಕೇಸ್ ಸೀರೀಸ್ (ಒಂದೇ ಬಗೆಯ ಹಲವು ರೋಗಿಗಳ ವರದಿ) ಲೆಕ್ಕಕ್ಕೆ ಬಂದವು. ಮೊದಲ ಮೂವರಲ್ಲಿ ಒಬ್ಬರಾಗಿರಬೇಕಿತ್ತು, ಇಲ್ಲವೇ ಕರೆಸ್ಪಾಂಡಿಂಗ್ ಆಥರ್ (ಜರ್ನಲ್ ಜೊತೆ ಪತ್ರವ್ಯವಹಾರ ನಡೆಸುವ ಲೇಖಕ) ಆಗಿರಬೇಕಿತ್ತು. ಅದರಂತೆ ನಾಲ್ಕನೇ ಹೆಸರಿಗೂ ಒಂಟಿ ಕೇಸ್ ರಿಪೋರ್ಟ್‌ಗೂ ಬೆಲೆಯಿರಲಿಲ್ಲ. ಆಮೇಲೆ ಮಂಡಳಿಯ ಜಾಗಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗ (ಎನ್‌ಎಂಸಿ) ಬಂದು ನಿಯಮಗಳನ್ನು ಮತ್ತೆ ಹೊರಡಿಸಿದೆ, ಆದ್ದರಿಂದ ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ಅಧಿಸೂಚನೆಯನ್ನೇ ಓದಿ, ಸೀನಿಯರ್ ಹೇಳಿದ್ದನ್ನಲ್ಲ. ವಿಭಾಗದ ರಿಜಿಸ್ಟರಿನಲ್ಲಿ ಐದಾರು ವರ್ಷದ ಮಜ್ಜೆ ಪರೀಕ್ಷೆಗಳಿರುತ್ತವೆ. ಎಥಿಕ್ಸ್ ಕಮಿಟಿಯ ಒಪ್ಪಿಗೆ ಪಡೆದು ಒಂದೇ ಬಗೆಯ ಕೇಸುಗಳನ್ನು ಒಟ್ಟು ಮಾಡಿದರೆ ಸೀರೀಸ್ ಆಗುತ್ತದೆ. ಸ್ಲೈಡ್ ಕಲೆಹಾಕಿ ಕೊಟ್ಟರು ಎಂಬಷ್ಟಕ್ಕೆ ಯಾರೂ ಲೇಖಕರಾಗುವುದಿಲ್ಲ, ಕೃತಜ್ಞತೆಯಲ್ಲಿ ಹೆಸರಿಸಿ.

ಪ್ರಶ್ನೆ: ‘6,500 ರೂಪಾಯಿ ಕಟ್ಟಿ, ಐದು ದಿನದಲ್ಲಿ ಪ್ರಕಟಿಸುತ್ತೇವೆ, ಪಬ್‌ಮೆಡ್ ಇಂಡೆಕ್ಸ್ ಆಗಿದೆ’ ಎಂದು ಮಗಳಿಗೆ ಮೇಲ್ ಬಂದಿದೆ. ಪ್ರಬಂಧ ಕಳಿಸಿಯೂ ಆಗಿದೆ. ನಂಬಬಹುದೇ?
– ಚಳ್ಳಕೆರೆ

ಉತ್ತರ: ಐದು ದಿನದಲ್ಲಿ ಇಬ್ಬರು ತಜ್ಞರು ಪ್ರಬಂಧ ಓದಿ, ತಕರಾರು ತೆಗೆದು, ಲೇಖಕರು ತಿದ್ದಿ ಕಳಿಸುವುದು ಆಗುವ ಮಾತಲ್ಲ. ದುಡ್ಡು ಕೇಳಿದ್ದಾರೆ ಎಂಬುದೊಂದೇ ದೋಷವಲ್ಲ. ಒಳ್ಳೆಯ ಓಪನ್ ಆಕ್ಸೆಸ್ (ಯಾರು ಬೇಕಾದರೂ ಉಚಿತವಾಗಿ ಓದಬಹುದಾದ) ಜರ್ನಲ್‌ಗಳೂ ಕೇಳುತ್ತವೆ, ಇದಕ್ಕಿಂತ ಬಹಳ ಹೆಚ್ಚೇ ಕೇಳುತ್ತವೆ. ಪಬ್‌ಮೆಡ್ ಮಾತನ್ನು ಪರೀಕ್ಷಿಸಲು ಪಬ್‌ಮೆಡ್ ನಡೆಸುವ ಗ್ರಂಥಾಲಯದ ಎನ್‌ಎಲ್‌ಎಂ ಕ್ಯಾಟಲಾಗ್ ತೆರೆದು ಜರ್ನಲ್‌ನ ಎಂಟು ಅಂಕಿಯ ಗುರುತಿನ ಸಂಖ್ಯೆ, ಅಂದರೆ ಐಎಸ್‌ಎಸ್‌ಎನ್ ಹಾಕಿ. ‘ಸದ್ಯ ಮೆಡ್‌ಲೈನ್‌ನಲ್ಲಿ ಇಂಡೆಕ್ಸ್ ಆಗುತ್ತಿದೆ’ ಎಂಬರ್ಥದ ಸಾಲು ಇದೆಯೇ ನೋಡಿ (ಮೆಡ್‌ಲೈನ್ ಎಂದರೆ ಪಬ್‌ಮೆಡ್‌ನೊಳಗೆ ಆರಿಸಿ ಸೇರಿಸಿದ ಜರ್ನಲ್‌ಗಳ ಭಾಗ). ಕ್ಯಾಟಲಾಗಿನಲ್ಲಿ ಬರೀ ಹೆಸರಿದ್ದರೆ ಗ್ರಂಥಾಲಯಕ್ಕೆ ಆ ಜರ್ನಲ್ ಗೊತ್ತು ಎಂದಷ್ಟೇ ಅರ್ಥ. ಅಸಲಿ ಜರ್ನಲ್‌ನ ಹೆಸರನ್ನೇ ಕದ್ದು ನಕಲಿ ಜಾಲತಾಣ ಮಾಡುವವರೂ ಇದ್ದಾರೆ. ಹಾಗಾಗಿ ಮೇಲ್‌ನಲ್ಲಿ ಬಂದ ಕೊಂಡಿ ಒತ್ತದೆ, ಕ್ಯಾಟಲಾಗಿನಲ್ಲಿರುವ ವಿಳಾಸದಿಂದಲೇ ಹೋಗಿ.

ಹಣ ಕಟ್ಟಿಲ್ಲ, ಕಾಪಿರೈಟ್ ಪತ್ರಕ್ಕೆ ಸಹಿ ಹಾಕಿಲ್ಲ ಎಂದರೆ ಈಗಲೇ ‘ಪ್ರಬಂಧ ವಾಪಸ್ ಪಡೆಯುತ್ತಿದ್ದೇನೆ’ ಎಂದು ಎಲ್ಲ ಸಹಲೇಖಕರಿಗೂ ಪ್ರತಿ ಹಾಕಿ ಮೇಲ್ ಮಾಡಲಿ. ‘ವಾಪಸಾತಿ ಶುಲ್ಕ’ ಕೇಳಿದರೆ ಕಟ್ಟುವುದು ಬೇಡ. ಆ ಕಡೆಯಿಂದ ಉತ್ತರ ಬರಲಿ, ಬಾರದಿರಲಿ, ಆ ಮೇಲ್ ಜೋಪಾನವಾಗಿರಲಿ. ಮುಂದೆ ಇನ್ನೊಂದು ಜರ್ನಲ್‌ಗೆ ಕಳಿಸುವಾಗ ಅಲ್ಲಿನ ಸಂಪಾದಕರಿಗೆ ಮೊದಲೇ ಈ ಸಂಗತಿ ತಿಳಿಸಿ, ಅದರ ಪ್ರತಿ ಲಗತ್ತಿಸಬೇಕು. ಇಲ್ಲದಿದ್ದರೆ ಒಂದೇ ಪ್ರಬಂಧ ಎರಡು ಕಡೆ ಬಂತೆಂದು ಎರಡನೆಯದನ್ನೇ ರದ್ದು ಮಾಡಬಹುದು.