1990ರ ದಶಕದ ಮರ್ಸಿಡಿಸ್ ಇ-ಕ್ಲಾಸ್ ಅಷ್ಟು ಬೇಗ ತುಕ್ಕು ಹಿಡಿದಿದ್ದು ಯಾಕೆ?

ನೀವು ಕೇಳುತ್ತಿರುವುದು 1995ರಲ್ಲಿ ಬಂದ, ಡಬ್ಲ್ಯೂ210 ಎಂಬ ಸಂಕೇತದ ಇ-ಕ್ಲಾಸ್, ಅಂದರೆ ದುಂಡಗಿನ ನಾಲ್ಕು ದೀಪಗಳ ಕಾರು, ಅಲ್ವಾ? ವೆಚ್ಚ ಇಳಿಸುವ ಭರದಲ್ಲಿ ತುಕ್ಕು ತಡೆಯುವ ಕೆಲಸಕ್ಕೇ ಕತ್ತರಿ ಬಿತ್ತು ಎಂಬುದು ಹೆಚ್ಚಿನವರ ಅಭಿಪ್ರಾಯ. ನನಗೂ ಹಾಗೇ ಅನಿಸುತ್ತದೆ. ಯುರೋಪಿನಲ್ಲಿ ಚಳಿಗಾಲದಲ್ಲಿ ಮಂಜು ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ, ಅದರಿಂದ ತುಕ್ಕು ಬೇಗ ಹಿಡಿಯುತ್ತದೆ. ಬಾಗಿಲಿನ ತಳ, ಚಕ್ರದ ಕಮಾನು, ಡಿಕ್ಕಿಯ ಮುಚ್ಚಳ ಎಲ್ಲ ಗುಳ್ಳೆ ಎದ್ದವು.

ಅದು ಬರೀ ಅಂದಗೇಡು, ಬಿಡಿ. ನಿಜವಾದ ಅಪಾಯ ಮುಂಚಕ್ರದ ಸ್ಪ್ರಿಂಗ್ ಕೂರುವ ಬ್ರಾಕೆಟ್‌ನದ್ದು. ಅದನ್ನು ಕಾರಿನ ಬಾಡಿಯ ಮೇಲೆ ವೆಲ್ಡ್ ಮಾಡಿರುತ್ತಾರೆ. ಸಂದು ಮುಚ್ಚಲು ಬಳಿದ ಸೀಲಂಟ್ ಒಳಗೆ ನೀರು ಸೇರಿಕೊಂಡು ಸದ್ದಿಲ್ಲದೆ ತುಕ್ಕು ತಿನ್ನುತ್ತದೆ. ಒಂದು ದಿನ ಬ್ರಾಕೆಟ್ ಕಿತ್ತುಬಂದು ಕಾರಿನ ಮೂತಿ ಕುಸಿಯುತ್ತದೆ. ಹಳೆಯದನ್ನು ಕೊಳ್ಳುವುದಾದರೆ ಮೊದಲು ಅಲ್ಲಿ ಟಾರ್ಚ್ ಬಿಡಿ.

ಇದರ ನಂತರ ಬಂದ ಇ-ಕ್ಲಾಸ್ ಡಬ್ಲ್ಯೂ211ರಲ್ಲಿ ತುಕ್ಕು ಕಮ್ಮಿಯಾಯಿತು, ಆದರೆ ಎಲೆಕ್ಟ್ರಾನಿಕ್ಸ್ ಕಾಟ ಶುರುವಾಯಿತು. 2005ರಲ್ಲಿ ಕಂಪನಿ ಬೇರೆ ಬೇರೆ ಮಾಡೆಲ್‌ಗಳ ಸುಮಾರು 13 ಲಕ್ಷ ಕಾರುಗಳನ್ನು ರಿಪೇರಿಗೆ ವಾಪಸ್ ಕರೆಯಬೇಕಾಯಿತು.