ಓದುಗರ ಪ್ರಶ್ನೆ, ನಮ್ಮ ಉತ್ತರ: ಪೈಲಟ್‌ನ ಕಿವಿ ಮತ್ತು ಮಾತು

ಪ್ರಶ್ನೆ: ಮೈಸೂರಿನ ಮಂಡಕಳ್ಳಿ ನಿಲ್ದಾಣದಿಂದ ಚೆನ್ನೈಗೆ ಹೋಗುವಾಗ ಪೈಲಟ್ ನಮಗೆ ಹವಾಮಾನದ ವಿವರ ಹೇಳಿದರು. ಅದೇ ಹೊತ್ತಿನಲ್ಲಿ ಅವರು ನಿಯಂತ್ರಣ ಕೇಂದ್ರದ ಸೂಚನೆಗಳನ್ನೂ ಕೇಳುತ್ತಿರಬೇಕಲ್ಲವೇ? ಒಂದೇ ಹೆಡ್‌ಸೆಟ್‌ನಲ್ಲಿ ಇಷ್ಟೆಲ್ಲ ಮಾತುಗಳು ಕಲಸಿಹೋಗುವುದಿಲ್ಲವೇ? ಒಬ್ಬರಿಗೆ ಹೇಳಬೇಕಾದ್ದು ಇನ್ನೊಬ್ಬರಿಗೆ ಹೋದರೆ ಗತಿಯೇನು? (ಮಂಡ್ಯದ ಓದುಗರೊಬ್ಬರು)

ಉತ್ತರ: ಪ್ರತಿಯೊಬ್ಬ ಪೈಲಟ್‌ನ ಕೈಗೆಟುಕುವಲ್ಲಿ ಆಡಿಯೋ ಕಂಟ್ರೋಲ್ ಪ್ಯಾನಲ್ ಎಂಬ ಚಿಕ್ಕ ಫಲಕವೊಂದಿರುತ್ತದೆ. ದೊಡ್ಡ ವಿಮಾನಗಳಲ್ಲಿ ಇದು ಸ್ವತಃ ರೇಡಿಯೊ ಅಲ್ಲ. ರೇಡಿಯೊ ಯಂತ್ರಗಳು ವಿಮಾನದ ಒಡಲಿನಲ್ಲಿ ಬೇರೆಡೆ ಇರುತ್ತವೆ, ಅವುಗಳ ಕಂಪನಾಂಕವನ್ನು ಬದಲಿಸಲು ಬೇರೆಯದೇ ಫಲಕವಿದೆ. ಯಾವ ಯಾವ ಧ್ವನಿಗಳು ಕಿವಿಗೆ ಬೀಳಬೇಕು, ತಾನಾಡುವ ಮಾತು ಎಲ್ಲಿಗೆ ಹೋಗಬೇಕು ಎಂಬುದಷ್ಟೇ ಇಲ್ಲಿ ತೀರ್ಮಾನವಾಗುತ್ತದೆ. ಈ ಎರಡು ಕೆಲಸಗಳನ್ನು ಒಂದಕ್ಕೊಂದು ಸಂಬಂಧವಿಲ್ಲದಂತೆ ಬೇರ್ಪಡಿಸಿರುವುದೇ ಫಲಕದ ನಿಜವಾದ ಜಾಣ್ಮೆ.

ಏರ್‌ಬಸ್ ಎ320 ವಿಮಾನದ ಫಲಕವನ್ನೇ ನೋಡೋಣ. ಅದರಲ್ಲಿ ಮಾತಿಗೊಂದು ಸಾಲು ಗುಂಡಿಗಳಿವೆ: ಹತ್ತಿರದ ಸಂಪರ್ಕಕ್ಕೆ ಮೂರು ವಿಎಚ್‌ಎಫ್ ರೇಡಿಯೊಗಳು, ದೂರದ ಸಂಪರ್ಕಕ್ಕೆ ಎಚ್‌ಎಫ್, ಸಿಬ್ಬಂದಿಯೊಡನೆ ಮಾತನಾಡುವ ಸಾಧನ, ಹೀಗೆ. ಒಂದನ್ನು ಒತ್ತಿದರೆ ಅದರ ಮೇಲೆ ಹಸಿರು ಗೆರೆಗಳು ಬೆಳಗುತ್ತವೆ, ಮೊದಲು ಆರಿಸಿದ್ದ ರೇಡಿಯೊ ತಾನಾಗಿಯೇ ಕಳಚಿಕೊಳ್ಳುತ್ತದೆ. ಕೇಳುವುದಕ್ಕೆ ಇರುವ ತಿರುಪುಗಳ ನಿಯಮ ಬೇರೆ. ಅವುಗಳಲ್ಲಿ ಎಷ್ಟನ್ನು ಬೇಕಾದರೂ ಒಟ್ಟಿಗೆ ತೆರೆಯಬಹುದು, ಮತ್ತು ನಿಮ್ಮ ವಿಶ್ವೇಶ್ವರಯ್ಯ ನಾಲೆಯ ತೂಬುಗಳನ್ನು ಎತ್ತರಿಸಿ ತಗ್ಗಿಸುವಂತೆ ಒಂದೊಂದರ ಧ್ವನಿಯನ್ನೂ ಬೇಕಾದಷ್ಟಕ್ಕೆ ಇಟ್ಟುಕೊಳ್ಳಬಹುದು. ಸಾಮಾನ್ಯವಾಗಿ ಮೊದಲನೆಯ ವಿಎಚ್‌ಎಫ್ ನಿಯಂತ್ರಣ ಕೇಂದ್ರಕ್ಕೆ ಮೀಸಲು. ಎರಡನೆಯದನ್ನು ಅಂತರರಾಷ್ಟ್ರೀಯ ತುರ್ತು ಕಂಪನಾಂಕವಾದ 121.5 ಮೆಗಾಹರ್ಟ್ಸ್‌ನಲ್ಲಿಟ್ಟು ಸಣ್ಣ ದನಿಯಲ್ಲಿ ಕೇಳುತ್ತಿರುತ್ತಾರೆ. ಜೊತೆಯ ಪೈಲಟ್‌ನ ಮಾತೂ ಇದೇ ಹೆಡ್‌ಸೆಟ್‌ಗೆ ಬರುತ್ತದೆ. ಯಾವ ದನಿಯನ್ನು ಮುಂದೆ ತರಬೇಕು, ಯಾವುದನ್ನು ಹಿಂದಕ್ಕೆ ಸರಿಸಬೇಕು ಎಂಬ ವಿವೇಚನೆ ಅಭ್ಯಾಸದಿಂದ ಬರುವಂಥದ್ದು, ಅದನ್ನು ಯಂತ್ರ ಮಾಡಿಕೊಡುವುದಿಲ್ಲ.

ಇದಲ್ಲದೆ ನೆಲದ ಮೇಲಿನ ಮಾರ್ಗದರ್ಶಕ ಕೇಂದ್ರಗಳು ತಮ್ಮ ಗುರುತನ್ನು ಮೋರ್ಸ್ ಸಂಕೇತದಲ್ಲಿ ಸಾರುತ್ತಲೇ ಇರುತ್ತವೆ. ದಿಕ್ಕು ತೋರಿಸುವ ವಿಒಆರ್ ಎಂಬ ಬಗೆಯ ಕೇಂದ್ರದ ಆ ಸ್ವರ 1020 ಹರ್ಟ್ಸ್‌ನದು. ತಾನು ಆರಿಸಿದ ಕೇಂದ್ರ ಸರಿಯಾದದ್ದೇ ಎಂದು ಪೈಲಟ್ ಅದನ್ನು ಕೇಳಿ ಖಚಿತಪಡಿಸಿಕೊಳ್ಳಬಹುದು. ಆಮೇಲೂ ಕುಯ್ಯೆನ್ನುತ್ತಿದ್ದರೆ ಮಾತಿಗೆ ಅಡ್ಡಿ; ಆದ್ದರಿಂದ ಸಂಕೇತದ ಸ್ವರವನ್ನು ಮಾತ್ರ ಸೋಸಿ ತೆಗೆದು, ಅದೇ ಕೇಂದ್ರದಿಂದ ಬರುವ ಮಾತನ್ನು ಉಳಿಸುವ ಗುಂಡಿಯೊಂದು ಫಲಕದಲ್ಲಿದೆ.

ನಿಮ್ಮ ಕೊನೆಯ ಸಂಶಯ ನ್ಯಾಯವಾದದ್ದೇ. ಪ್ರಯಾಣಿಕರಿಗೆ ಹೇಳಬೇಕಾದ ಸ್ವಾಗತದ ಮಾತು ನಿಯಂತ್ರಣ ಕೇಂದ್ರದವರ ಕಿವಿಗೆ ಬೀಳುವುದು ವಿಮಾನಯಾನದಲ್ಲಿ ಅಪರೂಪವೇನಲ್ಲ. ಅದನ್ನು ತಡೆಯಲೆಂದೇ ಎ320ರಲ್ಲಿ ಹೆಡ್‌ಸೆಟ್‌ನ ಮೈಕಿನಿಂದ ಪ್ರಯಾಣಿಕರೊಡನೆ ಮಾತನಾಡುವಷ್ಟು ಹೊತ್ತೂ ಫಲಕದಲ್ಲಿ ಅದಕ್ಕೆಂದಿರುವ ಗುಂಡಿಯನ್ನು ಒತ್ತಿ ಹಿಡಿದಿರಬೇಕು. ಬೆರಳು ತೆಗೆದ ಕೂಡಲೇ ಆ ಸಂಪರ್ಕ ಮುಗಿಯುತ್ತದೆ. ನಿಮಗೆ ಹವಾಮಾನ ಹೇಳುವ ಮುನ್ನ ಆ ಪೈಲಟ್ ರೇಡಿಯೊದ ಹೊಣೆಯನ್ನು ಜೊತೆಗಾರರಿಗೆ ಬಾಯಿಬಿಟ್ಟು ಹೇಳಿಯೇ ಒಪ್ಪಿಸುವುದು ವಾಡಿಕೆ.

ಪ್ರಶ್ನೆ: ಹಾರಾಟದ ನಡುವೆ ಈ ಫಲಕವೇ ಕೆಟ್ಟುಹೋದರೆ? (ಮೈಸೂರಿನ ಎಂಜಿನಿಯರಿಂಗ್ ವಿದ್ಯಾರ್ಥಿನಿ)

ಉತ್ತರ: ಎ320ರಲ್ಲಿ ಇಂಥ ಫಲಕಗಳು ಮೂರಿವೆ. ಕ್ಯಾಪ್ಟನ್‌ನದಾಗಲಿ ಸಹಪೈಲಟ್‌ನದಾಗಲಿ ಕೈಕೊಟ್ಟರೆ, ತಲೆಯ ಮೇಲಿನ ಫಲಕದಲ್ಲಿರುವ ಸ್ವಿಚ್ಚೊಂದನ್ನು ತಿರುಗಿಸಿ ಮೂರನೆಯದನ್ನು ಅವರ ಪಾಲಿಗೆ ಜೋಡಿಸಬಹುದು. ತರಬೇತಿಗೆ ಬಳಸುವ ಸಣ್ಣ ವಿಮಾನಗಳಲ್ಲಿ ಸಾಮಾನ್ಯವಾಗಿ ಒಂದೇ ಫಲಕವಿರುವುದರಿಂದ ಉಪಾಯವೂ ಸರಳ. ಅಲ್ಲಿನ ಅನೇಕ ಫಲಕಗಳು ವಿದ್ಯುತ್ ನಿಂತ ಕೂಡಲೇ ಪೈಲಟ್‌ನ ಹೆಡ್‌ಸೆಟ್ಟನ್ನು ನೇರವಾಗಿ ಮೊದಲನೆಯ ರೇಡಿಯೊಗೆ ಬೆಸೆಯುವಂತೆ ರಚಿತವಾಗಿವೆ. ಬೋಧಕ ಮತ್ತು ವಿದ್ಯಾರ್ಥಿ ಪರಸ್ಪರ ಮಾತನಾಡುವ ಸೌಲಭ್ಯ ಆಗ ಇಲ್ಲವಾದರೂ ನೆಲದೊಂದಿಗಿನ ಮಾತು ಉಳಿಯುತ್ತದೆ. ಉಳಿಸಿಕೊಳ್ಳಬೇಕಾದದ್ದು ಯಾವುದೆಂಬ ಈ ಆಯ್ಕೆ ಸರಿಯಾದದ್ದೆಂದೇ ನನ್ನ ಅಭಿಪ್ರಾಯ.

ಪ್ರಶ್ನೆ: ಮೈಸೂರು ಆಕಾಶವಾಣಿಯನ್ನು ಎಫ್‌ಎಂನಲ್ಲಿ ಅಷ್ಟು ಸ್ಪಷ್ಟವಾಗಿ ಕೇಳುತ್ತೇವೆ. ವಿಮಾನಗಳ ರೇಡಿಯೊ ಮಾತು ಮಾತ್ರ ಇಂದಿಗೂ ಗೊರಗೊರ ಎನ್ನುವುದೇಕೆ? (ಮೈಸೂರಿನ ನಿವೃತ್ತ ಶಿಕ್ಷಕರು)

ಉತ್ತರ: ವಿಮಾನಗಳ ವಿಎಚ್‌ಎಫ್ ಮಾತು 118ರಿಂದ 137 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ, ಅಲೆಯ ಎತ್ತರವನ್ನು ಏರಿಳಿಸಿ ಧ್ವನಿ ಸಾಗಿಸುವ ಎಎಂ ವಿಧಾನದಲ್ಲೇ ನಡೆಯುತ್ತದೆ; ಗೊರಗೊರ ಸದ್ದು ಈ ವಿಧಾನದ್ದೇ. ಆದರೂ ಅದನ್ನು ಉಳಿಸಿಕೊಂಡಿರುವುದರಲ್ಲಿ ಒಂದು ಲಾಭವಿದೆ. ಒಂದೇ ಕಂಪನಾಂಕದಲ್ಲಿ ಇಬ್ಬರು ಒಟ್ಟಿಗೆ ಮಾತನಾಡಿದರೆ ಎಫ್‌ಎಂನಲ್ಲಿ ಬಲವಾದ ಸಂಕೇತ ದುರ್ಬಲವಾದುದನ್ನು ಸದ್ದಿಲ್ಲದೆ ನುಂಗಿಬಿಡುತ್ತದೆ. ಇನ್ನೊಬ್ಬರು ಕರೆದರೆಂಬ ಸುಳಿವೇ ಸಿಗುವುದಿಲ್ಲ. ಎಎಂನಲ್ಲಿ ಎರಡೂ ಬೆರೆತು ಕೀರಲು ಸ್ವರ ಹೊಮ್ಮುತ್ತದೆ, ಹಾಗಾಗಿ ಮತ್ತೊಬ್ಬರೂ ಮಾತನಾಡಿದ್ದಾರೆಂದಾದರೂ ತಿಳಿಯುತ್ತದೆ. ಆದರೆ ಏನು ಹೇಳಿದರೆಂಬುದು ತಿಳಿಯದೆಹೋಗಬಹುದು. 1977ರ ಮಾರ್ಚ್ 27ರಂದು ಸ್ಪೇನ್‌ನ ಟೆನೆರೀಫ್ ದ್ವೀಪದಲ್ಲಿ ಕೆಎಲ್‌ಎಂ ಮತ್ತು ಪ್ಯಾನ್ ಆ್ಯಮ್ ಸಂಸ್ಥೆಗಳ ಎರಡು ಜಂಬೋ ವಿಮಾನಗಳು ರನ್‌ವೇ ಮೇಲೆ ಡಿಕ್ಕಿ ಹೊಡೆದು 583 ಜನ ಸತ್ತರು. ಆ ದುರಂತಕ್ಕೆ ಮಂಜೂ ಸೇರಿ ಕಾರಣಗಳು ಹಲವು. ಅವುಗಳಲ್ಲೊಂದು, ನಿಯಂತ್ರಕರ ಮಾತೂ ಪ್ಯಾನ್ ಆ್ಯಮ್ ಸಿಬ್ಬಂದಿಯ ಎಚ್ಚರಿಕೆಯೂ ಒಂದೇ ಕ್ಷಣದಲ್ಲಿ ಹೊರಟು, ಕೆಎಲ್‌ಎಂ ವಿಮಾನದ ಕಾಕ್‌ಪಿಟ್‌ನಲ್ಲಿ ಬರಿಯ ಕೀರಲು ಸದ್ದಾಗಿ ಕೇಳಿದ್ದು. ಹೊಸ ಕಂಪನಾಂಕಕ್ಕೆ ಹೋದ ಪೈಲಟ್ ಮೈಕಿನ ಗುಂಡಿ ಒತ್ತುವ ಮೊದಲು ಕ್ಷಣಕಾಲ ಸುಮ್ಮನೆ ಕಿವಿಗೊಡಬೇಕೆಂದು ಕಲಿಸುವುದೂ, ಗುಂಡಿ ಸಿಕ್ಕಿಕೊಂಡು ಪ್ರಸಾರ ನಿಲ್ಲದೇ ಹೋದಾಗ ಎಚ್ಚರಿಕೆಯ ಸದ್ದು ಮಾಡುವ ಏರ್ಪಾಡು ಹೊಸ ವಿಮಾನಗಳಲ್ಲಿರುವುದೂ ಒಬ್ಬರ ಮಾತು ಇನ್ನೊಬ್ಬರ ಮಾತನ್ನು ಅಳಿಸದಿರಲಿ ಎಂದೇ.